ಬೆಂಗಳೂರಿನಲ್ಲಿ ಗೆದ್ದ ಹದಿನಾಲ್ಕರ ಹುಡುಗ

ಕ್ಯಾರಮ್ ಬೋರ್ಡನ್ನು ಕಾಣದ ಊರು ನಮ್ಮ ಕಡೆ ಅಪರೂಪ. ಅರಸೀಕೆರೆಯಾಗಲಿ, ಬಾಣಾವರವಾಗಲಿ, ಬೇಲೂರು ಹಳೇಬೀಡುಗಳಾಗಲಿ, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಯಾವುದಾದರೊಂದು ಜಗಲಿಯ ಮೇಲೆ ನಾಲ್ವರು ಸುತ್ತ ಕುಳಿತು ಕಾಯಿ ಹೊಡೆಯುತ್ತಿರುತ್ತಾರೆ. ನಾಲ್ವರಿಗೆ ಎಂಟು ಜನ ಸಲಹೆಗಾರರು. ಕಾಯಿ ಬಿದ್ದರೆ ಸಾಲದು, ಹೊಡೆದ ಸ್ಟ್ರೈಕರು ಎಲ್ಲಿ ಹೋಗಿ ನಿಲ್ಲುತ್ತದೆ, ಉಳಿದ ಕಾಯಿಗಳು ಹೇಗೆ ಚದುರುತ್ತವೆ ಎಂಬುದನ್ನೂ ಮೊದಲೇ ಎಣಿಸಿ ಹೊಡೆಯುವವನೇ ಆಟಗಾರ ಎಂಬುದು ಆ ಸಲಹೆಗಾರರಿಗೆಲ್ಲ ಗೊತ್ತು. ಇಷ್ಟು ತಿಳಿದವರಿಗೆ ಸ್ನೂಕರ್ ಎಂಬ ಆಟದ ಮುಕ್ಕಾಲು ಪಾಲು ಆಗಲೇ ತಿಳಿದಂತೆ. ಉಳಿದ ಕಾಲು ಪಾಲನ್ನು ಇಲ್ಲಿ ಹೇಳಿ, ಆ ಆಟದಲ್ಲಿ ಬಾಲ್ಯವನ್ನೇ ಒತ್ತೆಯಿಟ್ಟ ಕೆಲವು ಹುಡುಗರ ಕಥೆಗೆ ಹೋಗೋಣ. ಅವರಲ್ಲಿ ಒಬ್ಬನ ಅದೃಷ್ಟ ತೆರೆದದ್ದು ನಮ್ಮ ಬೆಂಗಳೂರಿನಲ್ಲಿಯೇ.

ಕ್ಯಾರಮ್ ಹಲಗೆ ಎರಡೂವರೆ ಅಡಿಗೂ ಕಡಮೆ ಅಗಲದ್ದು. ಸ್ನೂಕರ್ ಮೇಜು ಸುಮಾರು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಮರದ ಚೌಕಟ್ಟಿನ ಮೇಲೆ ನುಣ್ಣಗೆ ಉಜ್ಜಿದ ಸ್ಲೇಟು ಕಲ್ಲಿನ ಚಪ್ಪಡಿಗಳನ್ನು ಜೋಡಿಸಿ, ಅದರ ಮೇಲೆ ಹಸಿರು ಉಣ್ಣೆಯ ಬಟ್ಟೆಯನ್ನು ಬಿಗಿದಿರುತ್ತಾರೆ. ನಾಲ್ಕು ಮೂಲೆಗೆ ನಾಲ್ಕು, ಉದ್ದನೆಯ ಪಕ್ಕಗಳ ನಡುವೆ ಎರಡು, ಹೀಗೆ ಆರು ಪಾಕೆಟ್ಟುಗಳು. ಬೆರಳಿನ ಬದಲು ಕ್ಯೂ ಎಂಬ ಉದ್ದನೆಯ ಕೋಲು, ಸ್ಟ್ರೈಕರಿನ ಬದಲು ಬಿಳಿಯ ಚೆಂಡು. ಕೆಂಪು ಚೆಂಡು ಹದಿನೈದು. ಅವಕ್ಕೆ ಒಂದೊಂದು ಅಂಕ. ಇನ್ನು ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ನಸುಗೆಂಪಿಗೆ 6, ಕರಿಗೆ 7. ಒಂದು ಕೆಂಪು ಬಿದ್ದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಕೆಂಪು ಇರುವವರೆಗೆ ಬಣ್ಣದ ಚೆಂಡನ್ನು ತೆಗೆದು ಅದರ ಸ್ಥಾನದಲ್ಲಿಯೇ ಮತ್ತೆ ಇಡುತ್ತಾರೆ. ಕೆಂಪು ತೀರಿದ ಮೇಲೆ ಬಣ್ಣಗಳನ್ನು ಕ್ರಮವಾಗಿ ಇಳಿಸಬೇಕು. ಹದಿನೈದು ಸಲವೂ ಕರಿಯ ಚೆಂಡನ್ನೇ ಆರಿಸಿ ಹಾಕಿದರೆ ಹದಿನೈದೆಂಟಲಿ 120, ಕೊನೆಯ ಆರು ಬಣ್ಣಗಳಿಗೆ 27, ಒಟ್ಟು 147. ಅದೇ ಒಂದು ಸರದಿಯ ಪರಮಾವಧಿ ಎಂದು ಈ ಆಟದವರು ಗೌರವದಿಂದ ಹೇಳುವ ಸಂಖ್ಯೆ.

ಚೆಂಡು ಹಾಕಲು ದಾರಿಯಿಲ್ಲದಾಗ ಜಾಣ ಆಟಗಾರ ಇನ್ನೊಂದು ಕೆಲಸ ಮಾಡುತ್ತಾನೆ. ಎದುರಾಳಿ ಹೊಡೆಯಬೇಕಾದ ಚೆಂಡಿಗೂ ಬಿಳಿಯ ಚೆಂಡಿಗೂ ನಡುವೆ ಮತ್ತೊಂದು ಚೆಂಡು ಅಡ್ಡ ನಿಲ್ಲುವಂತೆ ಮಾಡಿ, ಸದ್ದಿಲ್ಲದೆ ಹೋಗಿ ಕುರ್ಚಿಯಲ್ಲಿ ಕುಳಿತುಬಿಡುತ್ತಾನೆ. ಇದಕ್ಕೇ ಸ್ನೂಕರ್ ಎಂದು ಹೆಸರು. ಆ ಮಾತು ಮೂಲದಲ್ಲಿ ಬ್ರಿಟಿಷ್ ಸೈನ್ಯದ ತರಬೇತಿ ಶಾಲೆಯಲ್ಲಿ ಹೊಸದಾಗಿ ಸೇರಿದ ಪಡ್ಡೆ ಹುಡುಗರನ್ನು ಹಿರಿಯರು ಗೇಲಿಮಾಡುತ್ತಿದ್ದ ಮಾತಂತೆ. ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, 1875ರಲ್ಲಿ ನಮ್ಮ ಜಬಲ್‌ಪುರದ ಸೈನಿಕರ ಮೆಸ್ಸಿನಲ್ಲಿ, ಮಳೆಗಾಲದ ಬೇಸರ ಕಳೆಯಲು. ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಅದನ್ನು ಹುಟ್ಟುಹಾಕಿದನೆಂದು ಹೇಳುತ್ತಾರೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಅದೇ ಹೆಸರಿನವರು ಬೇರೆ. ನಿಯಮಗಳನ್ನು ಕ್ರಮವಾಗಿ ಬರೆದು ಗೋಡೆಗೆ ಹಚ್ಚಿದ್ದು ಉದಕಮಂಡಲದ ಕ್ಲಬ್ಬಿನಲ್ಲಿ. ಮೈಸೂರಿನಿಂದ ಬಂಡೀಪುರದ ಕಾಡು ದಾಟಿ ಘಾಟಿ ಹತ್ತಿದರೆ ಸಿಗುವ ಊರು, ನಮಗೆ ನೆರೆಮನೆಯೇ. ಹೀಗೆ ನಮ್ಮ ನೆಲದಲ್ಲಿ ಹುಟ್ಟಿದ ಆಟ ಬಹುಕಾಲ ನಮ್ಮವರಿಗೆ ಬಾಗಿಲು ತೆರೆಯದ ಕ್ಲಬ್ಬುಗಳ ಒಳಗೇ ಇದ್ದಿತು ಎಂಬುದೂ ನಿಜ.

ಈಗ ಕಥೆಗೆ ಬರೋಣ. 2014ರ ನವೆಂಬರಿನಲ್ಲಿ ಹವ್ಯಾಸಿ ಆಟಗಾರರ ವಿಶ್ವ ಸ್ನೂಕರ್ ಪಂದ್ಯಾವಳಿ ಬೆಂಗಳೂರಿನಲ್ಲಿ ನಡೆಯಿತು. ನಾನಾ ದೇಶಗಳಿಂದ ನುರಿತ ಆಟಗಾರರು ಬಂದಿದ್ದರು. ಕೊನೆಯ ಪಂದ್ಯಕ್ಕೆ ಉಳಿದವರಲ್ಲಿ ಒಬ್ಬರು ಪಾಕಿಸ್ತಾನದ ಮಹಮ್ಮದ್ ಸಜ್ಜಾದ್. ಇನ್ನೊಬ್ಬ ಚೀನಾದ ಯಾನ್ ಬಿಂಗ್‌ತಾವ್, ಷಾಂಡೊಂಗ್ ಪ್ರಾಂತದ ಝೀಬೊ ನಗರದವನು. ಅವನು ಹುಟ್ಟಿದ್ದು 2000ದ ಫೆಬ್ರವರಿ 16ರಂದು. ಅಂದರೆ ಆಗ ಅವನಿಗೆ ಹದಿನಾಲ್ಕು ವರ್ಷ ಒಂಬತ್ತು ತಿಂಗಳು. ನಮ್ಮಲ್ಲಾದರೆ ಒಂಬತ್ತನೆಯ ತರಗತಿಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ತಂದೆಯ ಸಹಿ ಹಾಕಿಸುವ ವಯಸ್ಸು. ಹದಿನೈದು ಫ್ರೇಮುಗಳ ಪಂದ್ಯದಲ್ಲಿ ಇಬ್ಬರೂ ಏಳೇಳು ಗೆದ್ದು ಸಮವಾದರು. ಕೊನೆಯ ಫ್ರೇಮನ್ನು ಹುಡುಗ ಗೆದ್ದ. ಹವ್ಯಾಸಿಗಳ ವಿಶ್ವ ಪ್ರಶಸ್ತಿಯನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದುವರೆಗೆ ಯಾರೂ ಪಡೆದಿರಲಿಲ್ಲ. ಹಿಂದಿನ ವರ್ಷವಷ್ಟೇ ಅವನದೇ ದೇಶದ ಝೌ ಯೂಎಲೊಂಗ್ ಹದಿನೈದರಲ್ಲಿ ಗೆದ್ದದ್ದು ದೊಡ್ಡ ಸುದ್ದಿಯಾಗಿತ್ತು.

ಇಷ್ಟು ಎಳೆಯ ಹುಡುಗ ದೊಡ್ಡವರನ್ನು ಸೋಲಿಸುವುದು ಹೇಗೆ? ಕುಸ್ತಿಯಲ್ಲಿ ಆಗದು, ಕಬಡ್ಡಿಯಲ್ಲಿ ಆಗದು. ಸ್ನೂಕರಿನಲ್ಲಿ ತೋಳಿನ ಬಲಕ್ಕೆ ಬೆಲೆ ಕಡಮೆ. ಮೇಜಿನ ಅಂಚು ನೆಲದಿಂದ ಮೂರಡಿಗೆ ಸ್ವಲ್ಪ ಕೆಳಗೆ. ಹತ್ತು ವರ್ಷದ ಹುಡುಗನೂ ಬಾಗಿ ಗಲ್ಲವನ್ನು ಕ್ಯೂವಿಗೆ ತಾಗಿಸಿ ಗುರಿ ಹಿಡಿಯಬಲ್ಲ. ಕೈ ಎಟುಕದ ಕಡೆ ಕೋಲಿಗೆ ಆಸರೆಯಾಗಿ ಕೊಡುವ ಸಾಧನಗಳುಂಟು. ಬೇಕಾದುದು ಒಂದೇ: ಮೊಣಕೈಯಿಂದ ಕೆಳಗಿನ ತೋಳು ಗಡಿಯಾರದ ಲೋಲಕದಂತೆ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಹೋಗಬೇಕು. ಒಂದು ಕೂದಲೆಳೆಯಷ್ಟು ಕೋಲು ಓರೆಯಾದರೆ ಹತ್ತು ಅಡಿ ಆಚೆ ಚೆಂಡು ಪಾಕೆಟ್ಟಿನ ಮೂತಿಗೆ ಬಡಿದು ಹಿಂದಿರುಗುತ್ತದೆ. ಈ ನೇರ ಬರುವುದು ದಿನಕ್ಕೆ ಐದಾರು ಗಂಟೆ, ಎಂಟು ಹತ್ತು ವರ್ಷ, ಅದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆದರೆ. ಸಂಗೀತದಲ್ಲಿ ಸರಳೆ ಜಂಟಿವರಸೆ ಹೇಳಿಸಿದ ಹಾಗೆ. ಎಳೆಯ ಮೈ ಬೇಗ ಕಲಿಯುತ್ತದೆ. ಎಳೆಯ ಮನಸ್ಸಿಗೆ ಸೋಲಿನ ನೆನಪೂ ಕಡಮೆ.

ಕೈ ಕಲಿತ ಮೇಲೆ ಬುದ್ಧಿಯ ಪಾಠ. ಬಿಳಿಯ ಚೆಂಡಿನ ನಡುವಿಗೆ ಹೊಡೆದರೆ ಒಂದು ನಡೆ, ಮೇಲಕ್ಕೆ ಹೊಡೆದರೆ ಅದು ಮುಂದೆ ಉರುಳುತ್ತದೆ, ಕೆಳಕ್ಕೆ ಹೊಡೆದರೆ ತಾಗಿದ ಮೇಲೆ ಹಿಂದಕ್ಕೆ ಎಳೆದುಕೊಂಡು ಬರುತ್ತದೆ, ಪಕ್ಕಕ್ಕೆ ಹೊಡೆದರೆ ಅಂಚಿಗೆ ಬಡಿದಾಗ ಬೇರೆಯೇ ಕೋನದಲ್ಲಿ ಹೊರಡುತ್ತದೆ. ಇವನ್ನೆಲ್ಲ ಬೆರಸಿ, ಈ ಚೆಂಡು ಬಿದ್ದ ಮೇಲೆ ಬಿಳಿ ಅಲ್ಲಿ ನಿಲ್ಲಬೇಕು, ಅಲ್ಲಿಂದ ಕರಿ ಸುಲಭ, ಆಮೇಲೆ ಆ ಗುಂಪಿನ ಎಡಗಡೆಯ ಕೆಂಪು ಎಂದು ಮೂರು ನಾಲ್ಕು ಹೆಜ್ಜೆ ಮುಂದಕ್ಕೆ ಯೋಚಿಸಬೇಕು. ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಚೆಂಡು ಬಿದ್ದಾಗ. ತಿಳಿದವರು ತಲೆದೂಗುವುದು ಬಿಳಿ ನಿಂತಾಗ.

ಇದಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿದೆ, ಸುಮ್ಮನೆ ಕೂರುವುದು. ಎದುರಾಳಿ ಮೇಜಿನ ಬಳಿ ಇರುವಷ್ಟು ಹೊತ್ತೂ ಇವನು ಕುರ್ಚಿಯಲ್ಲಿ ಕುಳಿತಿರಬೇಕು. ಕೆಲವೊಮ್ಮೆ ಮುಕ್ಕಾಲು ಗಂಟೆ ಒಂದು ಚೆಂಡನ್ನೂ ಮುಟ್ಟದೆ ತನ್ನ ಸೋಲನ್ನು ನೋಡುತ್ತಿರಬೇಕು. ಕ್ರಿಕೆಟ್ಟಿನಲ್ಲಿ ಓಡಬಹುದು, ಕೂಗಬಹುದು. ಇಲ್ಲಿ ನೀರು ಕುಡಿಯುವುದೊಂದೇ ಉಪಾಯ. ಮುಖದಲ್ಲಿ ಏನೂ ಕಾಣದಂತೆ ಕೂರುವ ಅಭ್ಯಾಸ ಒಬ್ಬ ಹುಡುಗನಿಗೆ ಹದಿನಾಲ್ಕರಲ್ಲಿಯೇ ಆಗಿಬಿಟ್ಟರೆ, ಅದು ಆಟಕ್ಕೆ ಒಳ್ಳೆಯದು. ಹುಡುಗನಿಗೆ ಎಷ್ಟು ಒಳ್ಳೆಯದೋ ಹೇಳಲಾರೆ.

ಚೀನಾದಲ್ಲಿ ಈ ಆಟಕ್ಕೆ ಇಷ್ಟು ಮಕ್ಕಳು ಬಂದದ್ದು ಒಬ್ಬನಿಂದ. ಅವನು ಡಿಂಗ್ ಜುನ್‌ಹುಯಿ, 1987ರಲ್ಲಿ ಹುಟ್ಟಿದವನು. ಮಗನ ಕೈಚಳಕ ಕಂಡು ತಂದೆ ಊರು ಬಿಟ್ಟು ಅವನನ್ನು ದಕ್ಷಿಣದ ಗ್ವಾಂಗ್‌ಡೊಂಗ್ ಪ್ರಾಂತಕ್ಕೆ ಕರೆದೊಯ್ದರು. ಖರ್ಚಿಗೆ ಮನೆಯನ್ನೇ ಮಾರಿದರು. 2002ರಲ್ಲಿ ಹುಡುಗ ಏಷ್ಯದ ಪ್ರಶಸ್ತಿಯನ್ನೂ ಇಪ್ಪತ್ತೊಂದರ ಒಳಗಿನವರ ವಿಶ್ವ ಪ್ರಶಸ್ತಿಯನ್ನೂ ಗೆದ್ದ. 2005ರ ಏಪ್ರಿಲಿನಲ್ಲಿ, ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ, ಬೀಜಿಂಗಿನಲ್ಲಿ ಏಳು ಬಾರಿಯ ವಿಶ್ವವಿಜೇತ ಸ್ಟೀಫನ್ ಹೆಂಡ್ರಿಯವರನ್ನು ಸೋಲಿಸಿ ಚೀನಾ ಓಪನ್ ಗೆದ್ದ. ದೂರದರ್ಶನದಲ್ಲಿ ಅದನ್ನು ಹನ್ನೊಂದು ಕೋಟಿ ಜನ ನೋಡಿದರೆಂದು ಆಗ ವರದಿಯಾಯಿತು. ಆ ರಾತ್ರಿ ಎಷ್ಟು ತಂದೆಯರು ತಮ್ಮ ಮಗನ ಬೆರಳುಗಳನ್ನು ಹಿಡಿದು ನೋಡಿದರೋ! ಯಾನ್ ಆಗ ಐದು ವರ್ಷದ ಮಗು.

ನಮ್ಮಲ್ಲೂ ಅದೇ ಕಾಲದಲ್ಲಿ ಒಬ್ಬ ಹುಡುಗ ಬೆಳೆಯುತ್ತಿದ್ದ. ಪಂಕಜ್ ಅಡ್ವಾಣಿ ಹುಟ್ಟಿದ್ದು 1985ರಲ್ಲಿ ಪುಣೆಯಲ್ಲಿ, ಬಾಲ್ಯ ಕುವೈತಿನಲ್ಲಿ. ಆಮೇಲೆ ಕುಟುಂಬ ಬೆಂಗಳೂರಿಗೆ ಬಂದು ನೆಲೆಸಿತು. ತಂದೆ ಚಿಕ್ಕಂದಿನಲ್ಲಿಯೇ ತೀರಿಕೊಂಡಿದ್ದರು. ಅಣ್ಣ ಶ್ರೀ ಆಡುವುದನ್ನು ನೋಡಲು ಹೋಗುತ್ತಿದ್ದ ತಮ್ಮ ತಾನೇ ಕೋಲು ಹಿಡಿದ. ರಾಷ್ಟ್ರೀಯ ಸ್ನೂಕರ್ ವಿಜೇತರಾಗಿದ್ದ ಅರವಿಂದ ಸವೂರರು ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅವನನ್ನು ತಿದ್ದಿದರು. 2000ದಲ್ಲಿ ರಾಷ್ಟ್ರೀಯ ಕಿರಿಯರ ಬಿಲಿಯರ್ಡ್ಸ್ ಪ್ರಶಸ್ತಿ, ಮರುವರ್ಷ ಮತ್ತೆ ಅದೇ. 2003ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿ. ಅದನ್ನು ಗೆದ್ದದ್ದು ಎಲ್ಲಿ ಎಂದರೆ ಚೀನಾದ ಜಿಯಾಂಗ್‌ಮೆನ್ ನಗರದಲ್ಲಿ. ಕೊನೆಯ ಪಂದ್ಯದ ಎದುರಾಳಿ ಪಾಕಿಸ್ತಾನದ ಸಾಲೇಹ್ ಮಹಮ್ಮದ್. ಬೆಂಗಳೂರಿನ ಹುಡುಗ ಚೀನಾದಲ್ಲಿ ಪಾಕಿಸ್ತಾನದವರನ್ನು ಸೋಲಿಸಿ ಗೆದ್ದ. ಹನ್ನೊಂದು ವರ್ಷದ ಮೇಲೆ ಚೀನಾದ ಹುಡುಗ ಬೆಂಗಳೂರಿಗೆ ಬಂದು ಪಾಕಿಸ್ತಾನದವರನ್ನು ಸೋಲಿಸಿ ಗೆದ್ದ. ಕಾದಂಬರಿಕಾರ ಬರೆದಿದ್ದರೆ ಇದು ಅತಿಯಾಯಿತು ಎನ್ನುತ್ತಿದ್ದೆವು.

ಮುಂದೆ ಇಬ್ಬರ ದಾರಿಯೂ ಬೇರೆಯಾಯಿತು, ಈ ಲೇಖನದ ತಿರುಳು ಇರುವುದೂ ಅಲ್ಲೇ. ಅಡ್ವಾಣಿ ಜಿಯಾಂಗ್‌ಮೆನ್ನಿನಿಂದ ಮನೆಗೆ ಹಿಂದಿರುಗಿ ಕಾಲೇಜು ಓದಿದರು, ಸ್ನೂಕರಿನ ಜೊತೆಗೆ ಮೂರೇ ಚೆಂಡಿನ ಹಳೆಯ ಬಿಲಿಯರ್ಡ್ಸನ್ನೂ ಬಿಡದೆ ಆಡಿದರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡು ಬಗೆಯ ವಿಶ್ವ ಪ್ರಶಸ್ತಿಗಳೂ ಒಟ್ಟಿಗೆ ಬಂದವು. 2006ರ ದೋಹಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ. ಇಂಗ್ಲೆಂಡಿನ ವೃತ್ತಿ ಸ್ನೂಕರಿಗೆ ಅವರು ಕಾಲಿಟ್ಟದ್ದು 2012ರಲ್ಲಿ, ಇಪ್ಪತ್ತೇಳು ತುಂಬಿದ ಮೇಲೆ. 2013ರ ವೆಲ್ಷ್ ಓಪನ್ನಿನಲ್ಲಿ ಎಂಟರ ಘಟ್ಟ ಮುಟ್ಟಿದರು. ಶ್ರೇಯಾಂಕದ ಪಂದ್ಯಾವಳಿಯೊಂದರಲ್ಲಿ ಅಲ್ಲಿಯವರೆಗೆ ಯಾವ ಭಾರತೀಯರೂ ಹೋಗಿರಲಿಲ್ಲ. ಆದರೂ 2014ರಲ್ಲಿ ಆ ವೃತ್ತಿಯ ಚೀಟಿಯನ್ನು ಬಿಟ್ಟುಕೊಟ್ಟು ಬೆಂಗಳೂರಿಗೇ ಬಂದುಬಿಟ್ಟರು. ಅವರು ಗೆಲ್ಲಬಹುದಾಗಿದ್ದುದನ್ನು ಬಿಟ್ಟರೆಂದು ಹಲವರು ಕೊರಗಿದ್ದುಂಟು. ನನಗೆ ಹಾಗೆ ತೋರುವುದಿಲ್ಲ. 2024ರ ವೇಳೆಗೆ ಎರಡೂ ಆಟಗಳಲ್ಲಿ ಸೇರಿ ಅವರ ವಿಶ್ವ ಪ್ರಶಸ್ತಿಗಳು 28 ಆಗಿದ್ದವು.

ವೃತ್ತಿಯ ಚೀಟಿ ಎಂದೆನಲ್ಲ, ಅದೇನೆಂದು ತಿಳಿಯಬೇಕು. ವೃತ್ತಿ ಸ್ನೂಕರಿನ ಸುತ್ತಿನಲ್ಲಿ ಸುಮಾರು 128 ಆಟಗಾರರಿಗೆ ಜಾಗ. ಹೊಸಬನಿಗೆ ಎರಡು ವರ್ಷದ ಅವಕಾಶ. ಅಷ್ಟರೊಳಗೆ ಮೊದಲ 64ರಲ್ಲಿ ಸೇರದಿದ್ದರೆ ಸಾಮಾನ್ಯವಾಗಿ ಹೊರಗೆ. ಮತ್ತೆ ಅರ್ಹತೆಯ ಪರೀಕ್ಷೆ. ಹವ್ಯಾಸಿಗಳ ವಿಶ್ವ ಪ್ರಶಸ್ತಿ ಈ ಬಾಗಿಲಿಗೆ ಒಂದು ಕೀಲಿಕೈ. ಸಂಬಳವೆಂಬುದಿಲ್ಲ, ಗೆದ್ದಷ್ಟು ಬಹುಮಾನ. ವಿಮಾನದ ಟಿಕೆಟ್ಟು, ವೀಸಾ, ಬಾಡಿಗೆ, ಊಟ, ಅಭ್ಯಾಸದ ಮೇಜಿನ ಶುಲ್ಕ, ಎಲ್ಲ ಆಟಗಾರನದೇ. ಆಟದ ಬಹುಪಾಲು ಬ್ರಿಟನ್ನಿನಲ್ಲಿ ನಡೆಯುವುದರಿಂದ ಚೀನಾದ ಹುಡುಗರು ಗುಂಪುಗುಂಪಾಗಿ ಶೆಫೀಲ್ಡ್ ನಗರದಲ್ಲಿ ಬಿಡಾರ ಮಾಡುತ್ತಾರೆ. 1977ರಿಂದ ವಿಶ್ವ ವೃತ್ತಿ ಪ್ರಶಸ್ತಿಯ ಪಂದ್ಯಗಳು ನಡೆಯುತ್ತ ಬಂದ ಕ್ರೂಸಿಬಲ್ ರಂಗಮಂದಿರ ಆ ಊರಿನಲ್ಲಿದೆ. ಬಾಣಾವರದಿಂದ ಓದಲು ಬೆಂಗಳೂರಿಗೆ ಹೋದ ಹುಡುಗ ಹಬ್ಬಕ್ಕೆ ರೈಲು ಹತ್ತಿ ಅದೇ ದಿನ ಮನೆ ಸೇರಬಹುದು. ಇವರಿಗೆ ಮನೆ ಎರಡು ಖಂಡಗಳ ಆಚೆ. ಭಾಷೆ ಬಾರದು, ಶಾಲೆ ನಿಂತಿದೆ, ಗೊತ್ತಿರುವವರೆಂದರೆ ಪಕ್ಕದ ಮೇಜಿನಲ್ಲಿ ಆಡುವ ತಮ್ಮ ದೇಶದ ಹಿರಿಯ ಆಟಗಾರರು ಮಾತ್ರ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

ಯಾನ್‌ನ ಏಳಿಗೆ ಬೇಗ ಬೇಗ ಆಯಿತು. 2015ರ ಬೇಸಗೆಯಲ್ಲಿ ವೂಷಿ ನಗರದ ವಿಶ್ವಕಪ್ ಪಂದ್ಯಾವಳಿಯಲ್ಲಿ ಅವನೂ ಝೌ ಯೂಎಲೊಂಗನೂ ಜೋಡಿಯಾಗಿ ಚೀನಾದ ಎರಡನೆಯ ತಂಡವಾಗಿ ಆಡಿದರು. ಕೊನೆಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಜಾನ್ ಹಿಗಿನ್ಸ್ ಮತ್ತು ಸ್ಟೀಫನ್ ಮಗ್ವಾಯರರನ್ನು 4-1ರಿಂದ ಸೋಲಿಸಿದರು. 2016ರಲ್ಲಿ ಅವನು ವೃತ್ತಿ ಆಟಗಾರನಾದ. 2017ರ ನವೆಂಬರಿನಲ್ಲಿ ಬೆಲ್‌ಫಾಸ್ಟಿನಲ್ಲಿ ಉತ್ತರ ಐರ್ಲೆಂಡ್ ಓಪನ್ನಿನ ಕೊನೆಯ ಪಂದ್ಯ. ಎದುರಿಗೆ ವೇಲ್ಸಿನ ಮಾರ್ಕ್ ವಿಲಿಯಮ್ಸ್, ವಯಸ್ಸಿನಲ್ಲಿ ತಂದೆಯಷ್ಟು ಹಿರಿಯರು. ಅಂದು ಗೆದ್ದಿದ್ದರೆ ಶ್ರೇಯಾಂಕದ ಪ್ರಶಸ್ತಿ ಗೆದ್ದ ಅತಿ ಕಿರಿಯ ಅವನೇ ಆಗುತ್ತಿದ್ದ. ಸೋತದ್ದು 8-9ರಿಂದ. 2019ರಲ್ಲಿ ರೀಗಾದಲ್ಲಿ ಮೊದಲ ಶ್ರೇಯಾಂಕದ ಪ್ರಶಸ್ತಿ ಬಂದಿತು.

2021ರ ಜನವರಿಯ ಮಾಸ್ಟರ್ಸ್ ಪಂದ್ಯಾವಳಿಯನ್ನು ಸ್ವಲ್ಪ ನಿಂತು ನೋಡಬೇಕು. ಜಗತ್ತಿನ ಮೊದಲ ಹದಿನಾರು ಮಂದಿಗೆ ಮಾತ್ರ ಅದಕ್ಕೆ ಆಹ್ವಾನ. ಯಾನ್‌ಗೆ ಅದು ಮೊದಲ ಸಲ. ಕೋವಿಡ್ ಕಾಲವಾದ್ದರಿಂದ ಮಿಲ್ಟನ್ ಕೀನ್ಸಿನ ಸಭಾಂಗಣದಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲ. ಚೆಂಡಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲ ಪಂದ್ಯ ನೀಲ್ ರಾಬರ್ಟ್‌ಸನ್ ಮೇಲೆ 6-5. ಎರಡನೆಯದು ಮಗ್ವಾಯರ್ ಮೇಲೆ 6-5. ಮೂರನೆಯದು ಸ್ಟುವರ್ಟ್ ಬಿಂಗ್‌ಹ್ಯಾಮ್ ಮೇಲೆ ಮತ್ತೆ 6-5. ಮೂರು ಸಲವೂ ಕೊನೆಯ ಫ್ರೇಮಿನ ತನಕ ಹೋಗಿ, ಮೂರು ಸಲವೂ ಉಳಿದುಕೊಂಡ. ಅಂತಿಮ ಪಂದ್ಯದಲ್ಲಿ ಹಿಗಿನ್ಸ್‌ರನ್ನು 10-8ರಿಂದ ಗೆದ್ದ. ಬಹುಮಾನ ಎರಡೂವರೆ ಲಕ್ಷ ಪೌಂಡು. 1995ರಲ್ಲಿ ರಾನಿ ಓಸಲಿವನ್ ಗೆದ್ದ ಮೇಲೆ ಅಷ್ಟು ಕಿರಿಯನಾದ ಆಟಗಾರ ಆ ಪ್ರಶಸ್ತಿಯನ್ನು ಎತ್ತಿರಲಿಲ್ಲ. ಅವನಿಗೆ ಆಗ ಇಪ್ಪತ್ತು ವರ್ಷ.

ಎರಡು ವರ್ಷ ತುಂಬುವ ಮೊದಲೇ ಎಲ್ಲ ಕುಸಿಯಿತು. 2022ರ ಡಿಸೆಂಬರಿನಲ್ಲಿ ಯಾನ್‌ನನ್ನು ಆಟದಿಂದ ಅಮಾನತಿನಲ್ಲಿಟ್ಟರು. ಪಂದ್ಯದ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿಕೊಂಡು ಆಡಿ ಪಣದ ಹಣ ಹೊಡೆಯುವ ಜಾಲವೊಂದರ ತನಿಖೆ ಅದು. ಚೀನಾದ ಹತ್ತು ಆಟಗಾರರ ಹೆಸರು ಹೊರಬಂದಿತು. 2023ರ ಜೂನಿನಲ್ಲಿ ಸ್ವತಂತ್ರ ಶಿಸ್ತು ಆಯೋಗದ ತೀರ್ಪು ಪ್ರಕಟವಾಯಿತು. ಹಿರಿಯರಾದ ಲಿಯಾಂಗ್ ವೆನ್‌ಬೊ ಮತ್ತು ಲಿ ಹಾಂಗ್ ಇಬ್ಬರಿಗೂ ಆಜೀವ ನಿಷೇಧ. ಯಾನ್ ಪಂದ್ಯಗಳನ್ನು ಬೇಕೆಂದೇ ಗೊತ್ತುಮಾಡಿ ಆಡಿದ್ದ, ಸ್ನೂಕರಿನ ಮೇಲೆ ಪಣವನ್ನೂ ಕಟ್ಟಿದ್ದ. ಅವನಿಗೆ ಏಳೂವರೆ ವರ್ಷದ ನಿಷೇಧ ವಿಧಿಸಬೇಕಾದುದನ್ನು, ತಪ್ಪು ಒಪ್ಪಿಕೊಂಡದ್ದರಿಂದ ಐದು ವರ್ಷಕ್ಕೆ ಇಳಿಸಿದರು. ಹಿರಿಯರಿಬ್ಬರ ಒತ್ತಡಕ್ಕೆ ಸಿಲುಕಿ ಪ್ರತಿಭಾವಂತ ಹುಡುಗರು ಕೆಟ್ಟದ್ದು ಎದೆಯೊಡೆಯುವ ಸಂಗತಿ ಎಂದು ವೃತ್ತಿಸಂಸ್ಥೆಯ ಅಧ್ಯಕ್ಷರೇ ಹೇಳಿದರು. ಪಕ್ಕದ ಮೇಜಿನ ಹಿರಿಯರೆಂದು ಮೇಲೆ ಹೇಳಿದ್ದು ಇದಕ್ಕಾಗಿ.

ಒತ್ತಡ ಎಂದ ಮಾತ್ರಕ್ಕೆ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ. ಹಣದ ಕೊರತೆ ಎಂಬ ನೆಪವೂ ಯಾನ್‌ಗೆ ಹೊಂದುವುದಿಲ್ಲ. ಮಾಸ್ಟರ್ಸ್ ಗೆದ್ದವನು ಬಡವನಲ್ಲ. ಆದರೆ ಆಟ ಬಿಟ್ಟು ಬೇರೆ ಯಾವ ಲೋಕವನ್ನೂ ಕಾಣದೆ ಬೆಳೆದವನಿಗೆ, ಇಂಥದಕ್ಕೆ ಒಲ್ಲೆ ಎನ್ನಲು ಯಾರ ಬೆಂಬಲವಿರುತ್ತದೆ? ಅಣ್ಣನಿಲ್ಲ, ಮೇಷ್ಟರಿಲ್ಲ, ಸಂಜೆ ಹೊತ್ತು ಬಾಗಿಲಲ್ಲಿ ನಿಂತು ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ತಾಯಿಯಿಲ್ಲ. ಕೋಲು ನೇರವಾಗಿರಲು ದಿನಕ್ಕೆ ಆರು ಗಂಟೆ ಕಲಿಸುವವರು ಇದಕ್ಕೆ ವಾರಕ್ಕೆ ಒಂದು ಗಂಟೆಯನ್ನಾದರೂ ಇಟ್ಟಿದ್ದರೋ ಇಲ್ಲವೋ. ಅಡ್ವಾಣಿಯವರ ಅಣ್ಣ ಕ್ರೀಡಾ ಮನಶ್ಶಾಸ್ತ್ರಜ್ಞರಾದರು, ತಮ್ಮನ ಬೆನ್ನಿಗೆ ನಿಂತರು. ಮನೆ ಹತ್ತಿರವಿದ್ದುದು ಒಂದು ಸಣ್ಣ ಸಂಗತಿಯಲ್ಲ.

ಅದೇ ತೀರ್ಪಿನಲ್ಲಿ ಇನ್ನೊಬ್ಬನ ಹೆಸರೂ ಇತ್ತು: ಝಾವ್ ಶಿನ್‌ತೊಂಗ್, 1997ರಲ್ಲಿ ಷಿಯಾನ್ ನಗರದಲ್ಲಿ ಹುಟ್ಟಿದವನು. 2015ರಲ್ಲಿ ಈಜಿಪ್ಟಿನ ಹುರ್ಘಾದಾದಲ್ಲಿ ಹವ್ಯಾಸಿಗಳ ವಿಶ್ವ ಪ್ರಶಸ್ತಿಯ ಅಂತಿಮ ಪಂದ್ಯವಾಡಿದ ಹುಡುಗ ಇವನೇ. ಅಂದು ಅವನನ್ನು 8-6ರಿಂದ ಸೋಲಿಸಿದವರು ಇಂಗ್ಲೆಂಡಿನ ಸುತ್ತು ಬಿಟ್ಟು ಬಂದಿದ್ದ ನಮ್ಮ ಪಂಕಜ್ ಅಡ್ವಾಣಿ. ಝಾವ್ ತಾನು ಯಾವ ಪಂದ್ಯವನ್ನೂ ಬೇಕೆಂದು ಸೋತವನಲ್ಲ. ಯಾನ್ ಎರಡು ಪಂದ್ಯ ಗೊತ್ತುಮಾಡಿದ್ದರಲ್ಲಿ ಭಾಗಿಯಾದ, ಪಣ ಕಟ್ಟಿದ ಎಂಬುದು ಅವನ ಮೇಲಿನ ದೋಷ. ಎರಡೂವರೆ ವರ್ಷದ ಶಿಕ್ಷೆ ಇಪ್ಪತ್ತು ತಿಂಗಳಿಗೆ ಇಳಿಯಿತು. 2024ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದಾಗ ವೃತ್ತಿಯ ಚೀಟಿ ಕೈಯಲ್ಲಿರಲಿಲ್ಲ. ಹವ್ಯಾಸಿಯಾಗಿಯೇ ಮೊದಲ ಮೆಟ್ಟಿಲಿನಿಂದ ಹತ್ತಿದ. ನಾಲ್ಕು ಅರ್ಹತಾ ಪಂದ್ಯ ಗೆದ್ದು ಕ್ರೂಸಿಬಲ್ ಒಳಗೆ ಬಂದ. ಉಪಾಂತ್ಯದಲ್ಲಿ ಓಸಲಿವನ್‌ರನ್ನು 17-7ರಿಂದ ಸೋಲಿಸಿದ. 2025ರ ಮೇ 5ರಂದು, ಐವತ್ತರ ಮಾರ್ಕ್ ವಿಲಿಯಮ್ಸ್‌ರನ್ನು 18-12ರಿಂದ ಗೆದ್ದು ವಿಶ್ವವಿಜೇತನಾದ. ಏಷ್ಯದಿಂದ ಆ ಪಟ್ಟವೇರಿದ ಮೊದಲಿಗ ಅವನು. ಬೆಲ್‌ಫಾಸ್ಟಿನಲ್ಲಿ ಯಾನ್‌ಗೆ ಒಂದು ಫ್ರೇಮಿನಿಂದ ಪ್ರಶಸ್ತಿ ತಪ್ಪಿಸಿದವರೂ ಇದೇ ವಿಲಿಯಮ್ಸ್.

ಬೆಂಗಳೂರಿನಲ್ಲಿ ಗೆದ್ದ ಹುಡುಗನ ನಿಷೇಧ ಮುಗಿಯುವ ದಿನವೆಂದು ತೀರ್ಪಿನಲ್ಲಿ ಬರೆದಿರುವುದು 2027ರ ಡಿಸೆಂಬರ್ 11. ಅಂದು ಅವನಿಗೆ ಇಪ್ಪತ್ತೇಳು ವರ್ಷ ನಡೆಯುತ್ತಿರುತ್ತದೆ. ಅಡ್ವಾಣಿಯವರು ವೃತ್ತಿ ಸ್ನೂಕರಿನಲ್ಲಿ ಮೊದಲ ಪಂದ್ಯ ಆಡಲು ಹೊರಟ ವಯಸ್ಸೂ ಅದೇ.